ಒಂದು ಬೆರಳಿನಷ್ಟು ಸಡಿಲ

ಕೆಳಮನೆಯ ಔಲಿಕ್ಕಿ ಬಾಗಿಲು ತಟ್ಟಿದಾಗ ರಾತ್ರಿ ಒಂಬತ್ತೂವರೆ.
ಬೈಸಿಕೊಳ್ಳಲು ಸಿದ್ಧನಾಗಿಯೇ ಚಿಲಕ ತೆಗೆದೆ.
'ನಿನ್ನ ಹಾಡಿನ ತಂಟೆ ನನಗೆ ಬೇಡ, ಯಲ್ಮರಿ.
ಹಾಡಿನ ಹಿಂದೊಂದು ಗುಂಯ್ ಇದೆಯಲ್ಲ,
ನೀನು ಬಾರಿಸುವುದು ನಿಲ್ಲಿಸಿದರೂ ನಿಲ್ಲದ್ದು,
ಅದಕ್ಕೆ ಬಂದೆ.'

ಜೋಡು ಹೊಸ್ತಿಲಲ್ಲಿ ಬಿಟ್ಟು, ಬರಿಯ ಉಣ್ಣೆ ಕಾಲುಚೀಲದಲ್ಲಿ
ನೇರ ಒಳಬಂದಳು.
ತಾಂಪೆರೆಯ ದೂರವಾಣಿ ಕೇಂದ್ರದಲ್ಲಿ
ಮೂವತ್ತೊಂದು ವರ್ಷ ತಂತಿ ಕಟ್ಟಿದವಳು.

ನನ್ನ ಪೆಡಲುಗಳು ಕೂತಿದ್ದು
ಯಾರೋ ಎಸೆದ ಸೌನಾ ಮಣೆಯ ಮೇಲೆ.
ಶ್ರುತಿಪೆಟ್ಟಿಗೆ, ಎರಡು ಡಿಸ್ಟಾರ್ಷನ್ (ಒಂದು ಸಾಲದೆ ಹೋಗಿತ್ತು),
ಕೋರಸ್, ಡಿಲೇ, ಒಂದು ಬಣ್ಣ ಹೋದ ರಿವರ್ಬ್.
ಮಣೆಯನ್ನು ಮಗುಚಿ ನೋಡಿದಳು.
'ಕೋಳಿ ಕೆದರಿದ ತಿಪ್ಪೆ' ಎನ್ನಲಿಲ್ಲ.
'ಹ್ಞೂಂ' ಅಂದಳಷ್ಟೆ. ಅದು ಇನ್ನೂ ಕಷ್ಟ.

ಒಂದೇ ನಲ್ಲಿಗೆ ಆರು ಮನೆ ಜೋತುಬಿದ್ದಿದ್ದವು.
ಗುಂಯ್ ಅಲ್ಲಿತ್ತು, ಅರ್ಧ.
ಇನ್ನರ್ಧ, ಕರೆಂಟಿನ ತಂತಿಯೂ ದನಿಯ ತಂತಿಯೂ
ಒಂದೇ ಹಾಸಿಗೆಯಲ್ಲಿ ಮಲಗಿದ್ದರಿಂದ.
'ಎದುರಾದರೆ ಅಡ್ಡ ದಾಟಿ ಹೋಗಲಿ,
ಜೊತೆಜೊತೆಗೆ ನಡೆಯಕೂಡದು.
ಒಂದರ ಗುಟ್ಟು ಇನ್ನೊಂದಕ್ಕೆ ಸೋರುತ್ತದೆ.
ಒಂದು ಚಳಿಗಾಲ ಪಾದ್ರಿಮನೆಯ ಲೈನಿಗೆ
ಹಂದಿ ವ್ಯಾಪಾರಿಯ ಬೈಗುಳ ಹರಿದು
ಎರಡು ವಾರ ಯಾರೂ ದೂರು ಕೊಡಲಿಲ್ಲ, ಗೊತ್ತೇ?
ಪಾದ್ರಿಯ ಹೆಂಡತಿಗೆ ಅದು ಹಿಡಿಸಿತ್ತು.'

ಕೇಬಲ್ಲುಗಳನ್ನು ಒಂದೊಂದಾಗಿ ಕಿತ್ತು,
ಕೊರಳು ಹಿಡಿದು ಅಲುಗಿಸಿದೆವು.
ಆರರಲ್ಲಿ ಎರಡು ಕಳ್ಳ.
ಉಳಿದವು ಅನಗತ್ಯ ಉದ್ದ:
ಗೇಣು ದಾರಿಗೆ ಮಾರು ಸುತ್ತು,
ಮೇಲಿನ ಸ್ವರಗಳು ನಡುದಾರಿಯಲ್ಲೇ ಬಸವಳಿದಿದ್ದವು.
ಕತ್ತರಿಸಿದೆ, ಸುಲಿದೆ, ಬೆಸೆದೆ,
ಎಡ ಹೆಬ್ಬೆರಳು ಸುಟ್ಟುಕೊಂಡೆ.

ಮಾರನೆಯ ರಾತ್ರಿ ಬಿಸ್ಕತ್ತಿನ ಡಬ್ಬಿ ತಂದಳು.
ಒಳಗೆ ಮೇಣ ಹಚ್ಚಿದ ನೂಲು, ಜೇನಿನ ವಾಸನೆ.
ಅವಳ ಬೆರಳ ಗಿಣ್ಣುಗಳು ಶುಂಠಿಯ ಹಾಗೆ;
'ನಾನು ಹೇಳುತ್ತೇನೆ, ನೀನು ಕಟ್ಟು.'
ಎರಡು ಬೆರಳಿಗೊಂದು ಗಂಟು,
ನೂಲು ತನ್ನ ಅಡಿಗೇ ನುಸುಳಬೇಕು.
ನಾನು ಮೈಯೆಲ್ಲ ಬಲ ಹಾಕಿ ಬಿಗಿದೆ.
ಹನ್ನೊಂದನ್ನೂ ಕತ್ತರಿಸಿ ಹಾಕಿದಳು,
ಮುಖದಲ್ಲಿ ಬೇಸರವಿರಲಿಲ್ಲ.

'ತಿರುವಿನಲ್ಲಿ ಒಂದು ಬೆರಳು ಹೋಗುವಷ್ಟು ಸಡಿಲ ಬಿಡು.'
ಯಾಕೆ?
'ನಾಳೆ ರಿಪೇರಿಗೆ ಬರುವವನ ಬೆರಳಿಗೆ.'
ಯಾರು ಬರ್ತಾರೆ?
'ಯಾರೆಂದು ನಮಗೆಲ್ಲಿ ಗೊತ್ತಿರುತ್ತಿತ್ತು?'

ಆಮೇಲೆ, ಕತ್ತರಿ ಹುಡುಕುತ್ತ, ಮಾತಿನ ನಡುವೆ ಅಂದಳು:
ಹೊಸ ಯಂತ್ರ ಬಂದ ವರ್ಷ
ಅವಳು ಕಟ್ಟಿದ್ದನ್ನೆಲ್ಲ ಗರಗಸ ಹಾಕಿ ತೆಗೆದರಂತೆ,
ತಾಮ್ರಕ್ಕೆ ಒಳ್ಳೆಯ ಬೆಲೆ ಇತ್ತಂತೆ.
ಕತ್ತರಿ ಅವಳ ಮಡಿಲಲ್ಲೇ ಇತ್ತು.

ಮೂರನೆಯ ರಾತ್ರಿ ಹೊಸ ಪವರ್ ಪೆಟ್ಟಿಗೆ ಬಂತು,
ಒಂದೊಂದು ಪೆಡಲಿಗೂ ಬೇರೆ ಕವಲು.
ಆಂಪ್ಲಿಫೈಯರ್ ಏಳಕ್ಕೇರಿಸಿ, ತಂತಿಗಳ ಮೇಲೆ ಅಂಗೈ ಇಟ್ಟು ನಿಂತೆ.
ಏನೂ ಇಲ್ಲ.
ಅಡಿಗೆಮನೆಯ ಫ್ರಿಜ್ಜು, ಹೊರಗೆ ಹಿಮ ಗೋರುವ ಗಾಡಿ,
ಅವಳ ಉಸಿರಿನ ಸಣ್ಣ ಸಿಳ್ಳೆ.
ಬಾರಿಸಲೇ?
'ಸ್ವಲ್ಪ ಇರು.'
ಕಣ್ಣು ಮುಚ್ಚಿ ಕೇಳಿದಳು, ಇಡೀ ಒಂದು ನಿಮಿಷ,
ಯಾರೋ ಆ ಕಡೆ ಫೋನೆತ್ತುವರೋ ಎಂಬಂತೆ.
ನಾನು ಬಾರಿಸತೊಡಗಿದ್ದೇ ಜೋಡು ಹುಡುಕಿದಳು.
ಹಾಡು ಅವಳಿಗೆ ಇವತ್ತಿಗೂ ಇಷ್ಟವಿಲ್ಲ.

ಮಾರ್ಚಿಯಲ್ಲಿ ಪಿಸ್ಪಲದ ಒಂದು ನೆಲಮಾಳಿಗೆಯಲ್ಲಿ
ಮೂರನೆಯ ಹಾಡಿನ ನಡುವೆ ಡಿಲೇ ಸತ್ತಿತು.
ಡ್ರಮ್ಮಿನ ರೈಮೊ ಲಯ ಬಿಡದೆ ನನ್ನನ್ನೇ ನೋಡಿದ.
ಕತ್ತಲಲ್ಲಿ ಮಣೆ ಮಗುಚಿದೆ. ತಿರುವು ಸಿಕ್ಕಿತು.
ಬೆರಳು ಒಳಹೋಯಿತು, ಸುಟ್ಟಿದ್ದೇ, ಅಳತೆ ಕೊಟ್ಟು ಹೊಲಿಸಿದಂತೆ.
ಒಂದು ಗಂಟು ಹಲ್ಲಿನಿಂದ ಕಡಿದು,
ಹಳೆಯ ಕೇಬಲ್ಲು ಎಳೆದು ಹೊಸದು ತುರುಕಿದೆ.
ನಾಕನೆಯ ಸುತ್ತಿಗೆ ಹಾಡಿಗೆ ಮರಳಿ ಬಂದೆ.

ಕಡಿದ ಗಂಟನ್ನು ಮತ್ತೆ ಹಾಕಿಲ್ಲ.
ಈಗ ಮೇ ತಿಂಗಳು.
ಔಲಿಕ್ಕಿಗೆ ಹೇಳಬೇಡಿ.