ಬಿದಿರುಬುಡದ ನೀರು

ಬೂಟು ಬಿಚ್ಚಬೇಡಿ ಈಗಲೇ. ಹೊತ್ತು ಇಳಿಯುತ್ತಿದೆ.
ಬ್ರಹ್ಮಗಿರಿ ಹತ್ತಿ ಇಳಿದ ಕಾಲು ಉರಿಯುತ್ತದೆ, ಗೊತ್ತು,
ಆದರೂ ಇನ್ನೊಂದು ತಾಸು
ಕಾಲುಚೀಲದೊಳಗೇ ಇರಲಿ.

ಮಡಚಿದ ತೋಳು ಬಿಡಿಸಿಕೊಳ್ಳಿ.
ಕರಿ ಅಂಗಿಯವರೇ, ನಿಮ್ಮ ಮೇಲೆ ಅವಕ್ಕೆ ಪ್ರೀತಿ ಜಾಸ್ತಿ,
ಬಿಳಿದೇನಾದರೂ ಇದ್ದರೆ ಹಾಕಿಕೊಳ್ಳಿ.
ಮುಲಾಮು ತಂದಿದ್ದೀರಲ್ಲ? ಬರೀ ಕೆನ್ನೆಗೆ ಸವರಿದರೆ
ಅದು ಮದುವೆಮನೆ ಪೌಡರು.
ಕಣಕಾಲು, ಮೊಣಕೈ ಹಿಂದೆ, ಕಿವಿಯ ಬೆನ್ನು:
ನಿಮ್ಮ ಕೈ ಮರೆಯುವ ಜಾಗ
ಅದು ಮರೆಯುವುದಿಲ್ಲ.

ಇಷ್ಟನ್ನು ದಿನಾ ಹೇಳುತ್ತೇನೆ ನರಿಮಲೆಯ ಜಗಲಿಯಲ್ಲಿ,
ಇಸ್ಕೂಲಿನ ಪ್ರಾರ್ಥನೆ ಒಪ್ಪಿಸಿದ ಹಾಗೆ.
ಕೆಲವರು ನಗುತ್ತಾರೆ: ಆನೆ ಇರುವ ಕಾಡಲ್ಲಿ
ಸೊಳ್ಳೆಗೆ ಹೆದರುವುದಾ ಬೊಳಕಣ್ಣ?
ಆನೆ ಬಂದರೆ ಕೊಂಬೆ ಮುರಿದ ಸದ್ದಾಗುತ್ತದೆ, ಸ್ವಾಮಿ.
ಲದ್ದಿ ಬಿಸಿ ಇದೆಯೇ ಎಂದು ಮುಟ್ಟಿ ನೋಡಬಹುದು.
ಇದರ ಹೆಜ್ಜೆ ಎಲ್ಲಿ ಹುಡುಕಲಿ?
ಕಿವಿಯ ಹತ್ತಿರ ಹಾಡಿದ್ದನ್ನು ಬಿಡಿ,
ಹಾಡದೆ ಕೂತದ್ದು?

ಎರಡು ಮಳೆಗಾಲದ ಹಿಂದೆ ನನ್ನ ತಂಗಿ ಪಾಲಿ
ಗೋಣಿಕೊಪ್ಪದ ಆಸ್ಪತ್ರೆಯಲ್ಲಿ ಒಂಬತ್ತು ದಿನ.
ಮೂಳೆಯೊಳಗೆ ಯಾರೋ ಕುಟ್ಟಾಣಿ ಕುಟ್ಟಿದ ಹಾಗೆ, ಅಂದಳು.
ಎದ್ದು ಬಂದಳು. ಅರ್ಧ ಕೂದಲು ಉದುರಿತು.
ಇವತ್ತಿಗೂ ತಲೆಗೆ ಬಾಚಣಿಗೆ
ಮೆಲ್ಲಗೆ ಇಡುತ್ತಾಳೆ.

ಹಾಗಾಗಿ ನಾನು ಕತ್ತಿಯ ಜೊತೆ
ಒಂದು ಚೀಲ ಮಣ್ಣೂ ಹೊರುತ್ತೇನೆ.
ಯಾರೋ ಕಡಿದ ಬಿದಿರಿನ ಬುಡದಲ್ಲಿ
ಗಿಣ್ಣಿನ ಮೇಲೆ ಒಂದು ಬೊಗಸೆ ನೀರು,
ನೀರಲ್ಲಿ ಆಕಾಶ, ಆಕಾಶದಲ್ಲಿ
ಕೊಕ್ಕೆ ಕೊಕ್ಕೆಯಾಗಿ ಕುಣಿಯುವ ಮರಿಗಳು.
ಚೆಂದವೇ. ಸುಳ್ಳು ಯಾಕೆ ಹೇಳಲಿ.
ಹಿಡಿ ಮಣ್ಣು ಸುರಿಯುತ್ತೇನೆ, ಆಕಾಶ ಮುಚ್ಚುತ್ತದೆ.

ಕ್ಯಾಂಪಿನ ಸುತ್ತಿನದು ಮಾತ್ರ, ಆಣೆ.
ಒಳಕಾಡಿನದನ್ನು ಮುಟ್ಟುವುದಿಲ್ಲ.
ಕಪ್ಪೆಗೂ ಹೊಟ್ಟೆ ಇದೆ, ಏರೋಪ್ಲೇನ್ ಚಿಟ್ಟೆಗೂ ಇದೆ,
ಅವರ ಅನ್ನಕ್ಕೆ ನಾನು ಯಾರು ಮಣ್ಣು ಹಾಕಲು?

ನಾಳೆ ನೀವು ಇರ್ಪಿಗೆ ಇಳಿದು ಹೋದ ಮೇಲೆ
ನೂಡಲ್ಸ್ ಕಪ್ಪು, ಬಾಟಲಿ ಮುಚ್ಚಳ ಹೆಕ್ಕುತ್ತೇನೆ.
ಸಂಸಾರ ಹೂಡಲು ಅದಕ್ಕೆ
ಮುಚ್ಚಳದಷ್ಟು ನೀರು ಸಾಕು.
(ಹೆಕ್ಕುವ ಕೆಲಸ ನೀವೇ ಮಾಡಿದರೆ
ಬೇಡ ಅನ್ನುವುದಿಲ್ಲ.)

ಸರಿ, ಕತ್ತಲಾಯಿತು. ಪರದೆಯ ಅಂಚು
ಚಾಪೆಯಡಿ ಸಿಕ್ಕಿಸಿ, ಸುತ್ತಲೂ.
ತೂತಿದ್ದರೆ ಹೇಳಿ.
ಸೂಜಿ ನನ್ನ ಟೋಪಿಯಲ್ಲಿದೆ.