ಊದುವುದು

ಮತ್ತಿಕೆರೆಯ ಹೊಂಗೆಮರದ ಕೆಳಗೆ ನಮ್ಮ ಇಸ್ತ್ರಿ ಗಾಡಿ.
ನನ್ನ ಗಂಡ ಮುನಿಯಲ್ಲಪ್ಪ
ಬಾಯ್ತುಂಬ ನೀರು ಹಿಡಿದು ಫುರ್ರೆಂದು ಚಿಮುಕಿಸಿದರೆ
ಬೆಳಗಿನ ಬಿಸಿಲಲ್ಲಿ ಒಂದು ಗೇಣು ಕಾಮನಬಿಲ್ಲು
ಬಿಳಿ ಅಂಗಿಯ ಮೇಲೆ ಬಿದ್ದು ಆರುತ್ತಿತ್ತು.
ಅಪ್ಪ ಕಲಿಸಿದ್ದು ಇವನಿಗೆ. ಬೇರೆ ಆಸ್ತಿ ಇರಲಿಲ್ಲ.

ಆ ಮಾರ್ಚಿನಲ್ಲಿ ಮೂರನೇ ಮಹಡಿಯಿಂದ ಯಾರೋ
ವಿಡಿಯೋ ಹಿಡಿದರು.
ಹೊತ್ತು ಮುಳುಗುವುದರೊಳಗೆ ಎಲ್ಲರ ಫೋನಿನಲ್ಲೂ ಅದೇ,
ನಮ್ಮದರಲ್ಲೂ.
ವಾಚ್‌ಮನ್ ಬಟ್ಟೆಯ ಗಂಟನ್ನು
ಕೋಲಿನಿಂದ ಇತ್ತ ತಳ್ಳಿದ:
"ಮತ್ತೆ ಒಗೀಬೇಕಂತೆ. ಸೋಪಿನ ದುಡ್ಡು ನಿಮ್ಮ ಲೆಕ್ಕಕ್ಕೆ."

ಆಮೇಲೆ ಎಲ್ಲ ಮುಚ್ಚಿತು.
ಯಾರೂ ಹೊಸ್ತಿಲು ದಾಟದ ಊರಿನಲ್ಲಿ
ಗೆರೆ ಮುರಿಯದ ಪ್ಯಾಂಟು ಯಾರಿಗೆ ಬೇಕು?
ಅಕ್ಕಿಬೇಳೆಯ ಕಿಟ್ಟು ಕೊಟ್ಟವರು ಫೋಟೋ ತೆಗೆದರು.
ಕ್ಯಾಮೆರಾ ಕಂಡದ್ದೇ ಇವನು
ಮಾಸ್ಕಿನ ಮೇಲೆ ಅಂಗೈ ಒತ್ತಿ ಬಾಯಿ ಮುಚ್ಚಿಕೊಂಡ.

ಹಸಿವು ನನಗೆ ಗೊತ್ತಿರುವ ನೆಂಟ.
ಬರುತ್ತದೆ, ಕೂರುತ್ತದೆ,
ಅಂಬಲಿ ಕಂಡರೆ ಎದ್ದು ಹೋಗುತ್ತದೆ.
ಇದು ಹಾಗಲ್ಲ.

ಈಗ ಗಾಡಿ ಮತ್ತೆ ನಿಂತಿದೆ.
ನೀರಿಗೆ ಬಾಟಲಿ, ಮುಚ್ಚಳಕ್ಕೆ ಐದು ತೂತು.
ಕೆಂಡ ಮಂಕಾದರೆ ಊದುವುದಿಲ್ಲ,
ಮುಖವನ್ನು ರಸ್ತೆಯ ಕಡೆ ತಿರುಗಿಸಿ ರಟ್ಟಿನಿಂದ ಬೀಸುತ್ತಾನೆ.
ಬೂದಿ ಹಾರಿ ಯಾರದೋ ಕಾಲರಿಗೆ ಕೂರುತ್ತದೆ,
ಬೈಸಿಕೊಳ್ಳುತ್ತಾನೆ. ಅದು ಪರವಾಗಿಲ್ಲ ಅನ್ನುತ್ತಾನೆ.
ಬಿಸಿ ಟೀ ಮುಂದಿಟ್ಟುಕೊಂಡು
ಅದು ತಾನಾಗಿ ಆರುವವರೆಗೆ ಕಾಯುತ್ತಾನೆ.
ರಾತ್ರಿ ಗೋಡೆಗೆ ಮುಖ.
ಹತ್ತಡಿ ಕೋಣೆಯಲ್ಲಿ ನಾಲ್ಕು ಜನರ ಉಸಿರು;
ಇವನೊಬ್ಬ ತನ್ನದನ್ನು ತಿಂಗಳ ಕೊನೆಯ ಪಡಿಯಕ್ಕಿಯಂತೆ
ಹಿಡಿದು ಹಿಡಿದು ಖರ್ಚು ಮಾಡುತ್ತಾನೆ.

ದೊಡ್ಡಾಸ್ಪತ್ರೆಯಲ್ಲಿ ಎದೆಯ ಫೋಟೋ ಬೆಳಕಿಗೆ ಹಿಡಿದರು.
ಕಪ್ಪು ಹಾಳೆಯೊಳಗೆ
ಹ್ಯಾಂಗರಿಗೆ ಹಾಕಿದ ಅಂಗಿಯಂಥದ್ದೇನೋ.
"ಏನೂ ಇಲ್ಲ, ಕ್ಲೀನಾಗಿದೆ" ಅಂದರು.
ಹಾಗಾದರೆ ಯಾಕೆ ಇನ್ನೂ, ಅಂತ ಬಾಯಿ ತೆರೆದೆ.
ಅಷ್ಟರಲ್ಲಿ ಮುಂದಿನ ನಂಬರು ಕೂಗಿದರು.

ನಿನ್ನೆ ಸಂಜೆ ಚಿಕ್ಕವಳು ಚಂದನಾ
ಕಣ್ಣುಜ್ಜಿಕೊಂಡು ಓಡಿಬಂದಳು. ನನ್ನ ಹತ್ತಿರಕ್ಕಲ್ಲ.
"ಅಪ್ಪಾ, ಧೂಳು ಬಿತ್ತು, ಊದು."
ಬಗ್ಗಿದ.
ಎರಡು ಬೆರಳಲ್ಲಿ ರೆಪ್ಪೆ ಬಿಡಿಸಿದ.
ತುಟಿ ದುಂಡಗಾಯಿತು.
ನಾನು ಸಾರು ತಿರುವುವುದನ್ನು ನಿಲ್ಲಿಸಿದೆ.

ತುಟಿ ಹಾಗೇ ಇತ್ತು, ಸ್ವಲ್ಪ ಹೊತ್ತು.

ಆಮೇಲೆ ಕೈ ಹಿಂದಕ್ಕೆ ತಡಕಾಡಿ ರಟ್ಟು ಹುಡುಕಿತು.
ಮಗುವಿನ ಕಣ್ಣಿಗೆ ಗಾಳಿ ಹಾಕತೊಡಗಿದ,
ಮೆಲ್ಲಗೆ, ರೇಷ್ಮೆ ಸೀರೆಯ ಮೇಲೆ ಪೆಟ್ಟಿಗೆ ಎಳೆಯುವಷ್ಟು ಮೆಲ್ಲಗೆ.
ಅವಳು ಅದನ್ನು ಹೊಸ ಆಟವೆಂದುಕೊಂಡು
ಇನ್ನೊಂದು ಕಣ್ಣನ್ನೂ ಒಡ್ಡಿದಳು.