ಗಲ್ಲಾದ ಲೆಕ್ಕ

ಬಾಂದ್ರಾದ ಕುಟುಂಬ ಕೋರ್ಟು, ಮೂರನೇ ಮಹಡಿ.
ಬಾಗಿಲಿಗೆ ಅಂಟಿಸಿದ ಪಟ್ಟಿಯಲ್ಲಿ
ನಮ್ಮಿಬ್ಬರ ಹೆಸರು, ನಡುವೆ ಒಂದು ‘ವಿರುದ್ಧ’.
ಮದುವೆಯ ಕಾಗದದಲ್ಲಿ ಅದೇ ಜಾಗದಲ್ಲಿ
‘ಇವರೊಂದಿಗೆ’ ಅಂತ ಇತ್ತು.

ಸಾಹೇಬರು ತಲೆಯೆತ್ತದೆ ಕೇಳಿದರು: ವಕೀಲರು ಯಾರು?
ನಾನೇ.
ಮರಾಠಿಯಲ್ಲಿ ಹೇಳಿದೆ, ಮೀಚ್.
ಕೊನೆಗೊಂದು ಚ್ ಸೇರಿಸಿದರೆ ಸಾಕು,
ಎಷ್ಟೊಂದು ಧೈರ್ಯವಿದ್ದ ಹಾಗೆ ಕೇಳಿಸುತ್ತದೆ.
ಗುಮಾಸ್ತೆ ಬರೆದುಕೊಂಡಳು: ಪಾರ್ಟಿ ಇನ್ ಪರ್ಸನ್.
ನಾನು ಕಂಡ ಪಾರ್ಟಿಗಳಲ್ಲಿ
ಕೇಕು ಇರುತ್ತಿತ್ತು, ಇಲ್ಲವೇ ಬಾವುಟ.

ಅಫಿಡವಿಟ್ಟು ಹದಿನಾರು ಪುಟ.
ಡೊಂಬಿವಲಿಯ ಅಡುಗೆಮನೆಯಲ್ಲಿ ಮೂರು ರಾತ್ರಿ ತುಂಬಿದ್ದೆ.
ಇಂಗ್ಲಿಷಿಗೆ ಅರ್ಥ ಹೇಳಿದವಳು ಮಗಳು,
ಕೆಲವು ಸಾಲುಗಳನ್ನು ಹಾರಿಸಿ.
ಸ್ಥಿರಾಸ್ತಿ: ಇಲ್ಲ.
ಚರಾಸ್ತಿ: ಹೊಲಿಗೆ ಮೆಷಿನ್ ಒಂದು, ಪೆಡಲು ಸಡಿಲ.
ಆಭರಣ: ಕರಿಮಣಿ ಸರ, ೨೦೧೪ರಿಂದ ಅಡವು,
ಅಂಗಡಿಯ ಡಿಪಾಸಿಟ್ಟಿಗೆ.
ಉದ್ಯೋಗ ಅನ್ನುವಲ್ಲಿ ‘ಗೃಹಿಣಿ’ ಬರೆದು, ಹೊಡೆದುಹಾಕಿ,
‘ಸೀರೆಗೆ ಫಾಲ್’ ಅಂತ ಬರೆದೆ.
ಒಂದಕ್ಕೆ ಎಪ್ಪತ್ತು, ದಿನಕ್ಕೆ ಐದು,
ಗಣಪತಿ ಹತ್ತಿರ ಬಂದರೆ ಒಂಬತ್ತು.

ಅವನ ವಕೀಲರು ಎದ್ದರು. ಒಳ್ಳೆಯ ಮನುಷ್ಯ,
ಬರುವಾಗ ನನಗಾಗಿ ಲಿಫ್ಟಿನ ಬಾಗಿಲು ಹಿಡಿದಿದ್ದರು.
ನನ್ನ ಕಕ್ಷಿದಾರ ಮಾಲಿಕನೇ ಅಲ್ಲ, ಅಂದರು,
ಅಂಗಡಿ ಅವನ ಅಣ್ಣನದು,
ಇವನಿಗೆ ತಿಂಗಳಿಗೆ ಹದಿನೆಂಟು ಸಾವಿರ ಸಂಬಳ.

ಯಶೋಧರ ಕುಲಾಲ್, ಮಿಕ್ಸರ್-ಕುಕ್ಕರ್ ರಿಪೇರಿ,
ನೆಲ ನೋಡುತ್ತ ನಿಂತಿದ್ದ.
ಅಂಗಿಯ ಎರಡನೇ ಗುಂಡಿಗೆ ಬೇರೆ ಬಣ್ಣದ ನೂಲು.
ನಾನು ಹಾಕಿದ್ದಲ್ಲ.

ಚೀಲದಿಂದ ಪುಸ್ತಕ ತೆಗೆದೆ.
ರಾತ್ರಿ ಹತ್ತಕ್ಕೆ ಶಟರ್ ಎಳೆದು ಬಂದು
ಕೈಯ ಗ್ರೀಸಿಗೆ ಸೋಪು ತಿಕ್ಕುತ್ತ ಅವನು ಹೇಳುತ್ತಿದ್ದ,
ನಾನು ಬರೆಯುತ್ತಿದ್ದೆ.
ಹನ್ನೊಂದು ವರ್ಷ, ಹನ್ನೊಂದು ಪುಸ್ತಕ.
ಮುನ್ಸಿಪಾಲ್ಟಿಯ ಕನ್ನಡ ಶಾಲೆಯಲ್ಲಿ ಕಲಿತ ಮಗ್ಗಿ ನನ್ನದು,
ಅಂಕಿಗಳೂ ಕನ್ನಡದವೇ.

ವಕೀಲರು ಪುಟ ತಿರುವಿದರು.
ತಲೆಕೆಳಗಾಗಿ ಹಿಡಿದಿದ್ದೀರಿ ಅಂತ ಹೇಳುವುದೋ ಬೇಡವೋ.
ಇದು ಕೋರ್ಟಿನ ಭಾಷೆಯಲ್ಲ, ಅಂದರು.
ಸಾಹೇಬರು ಒಂದು ಪುಟದ ಮೇಲೆ ಬೆರಳಿಟ್ಟು
ಸುತ್ತ ನೋಡಿದರು: ಯಾರಿಗೆ ಬರುತ್ತದೆ ಇದು?

ಇಬ್ಬರಿಗೆ.

ನೀನು ಓದು, ಅಂದರು ಅವನಿಗೆ.

ಏನು ಬೇಕಾದರೂ ಓದಬಹುದಿತ್ತು ಅವನು.
ನಾಲ್ಕು ಸಾವಿರವನ್ನು ನಾನೂರು ಅಂದಿದ್ದರೂ
ಫ್ಯಾನು ತಿರುಗುತ್ತಲೇ ಇರುತ್ತಿತ್ತು.
ಗಂಟಲು ಸರಿಮಾಡಿಕೊಂಡ.
ಶನಿವಾರ. ಮಿಕ್ಸರ್ ಏಳು. ಕುಕ್ಕರ್ ಹದಿಮೂರು.
ಸಾಮಾನಿನ ಖರ್ಚು ಕಳೆದು ಉಳಿದದ್ದು
ನಾಲ್ಕು ಸಾವಿರದ ಇನ್ನೂರ ಎಂಬತ್ತು.
ಅದೇ ಸ್ವರ,
ಮೊತ್ತದ ಹತ್ತಿರ ಬಂದಾಗ ತುಸು ಮೇಲೇರುವುದು.
ಇಲ್ಲದ ಪೆನ್ನಿಗಾಗಿ ನನ್ನ ಬೆರಳು ಮಡಚಿಕೊಂಡವು.
ಸಂಬಳದವರು ಹಾಗೆ ಓದುವುದಿಲ್ಲ.
ಅದು ಅವನಿಗೂ ಹೊಳೆಯಿತು, ಮುಗಿದ ಮೇಲೆ.

ಕೊನೆಯ ಸಾಲು ಮಾತ್ರ ಬಿಟ್ಟ.
ಅಲ್ಲಿ ಇದ್ದದ್ದು: ವಾರಿಜಾಗೆ ವಡಾಪಾವ್ ಎರಡು, ಇಪ್ಪತ್ತು.
ಪಾರ್ಟಿ ಇನ್ ಪರ್ಸನ್ ಆಕ್ಷೇಪ ಎತ್ತಬಹುದಿತ್ತು.
ಎತ್ತಲಿಲ್ಲ.

ಅಧಿಕೃತ ಭಾಷಾಂತರ ತನ್ನಿ, ಅಂದರು ಸಾಹೇಬರು.
ಮುಂದಿನ ತಿಂಗಳು ಇಪ್ಪತ್ತಮೂರು.
ಅಲ್ಲಿಯವರೆಗೆ ಹಾಲಿನವನನ್ನು, ಗ್ಯಾಸಿನವನನ್ನು,
ಪ್ರಣಾಲಿಯ ಕ್ಲಾಸಿನವರನ್ನು
ಯಾವ ಭಾಷೆಯಲ್ಲಿ ತಡೆಯಬೇಕೆಂದು ಹೇಳಲಿಲ್ಲ.

ಕುರ್ಲಾದಿಂದ ಸ್ಲೋ ಗಾಡಿ. ಠಾಣೆಯಲ್ಲಿ ಸೀಟು ಸಿಕ್ಕಿತು.
ಹನ್ನೆರಡನೇ ಪುಸ್ತಕ ತೆರೆದೆ.
ಜೆರಾಕ್ಸ್ ಅರವತ್ತನಾಲ್ಕು. ರಿಕ್ಷಾ ಮೂವತ್ತು. ನೀರು ಇಪ್ಪತ್ತು.
ವಕೀಲರ ಫೀಸು, ಅಂತ ಬರೆದು
ಪೆನ್ನು ಹಾಗೇ ಹಿಡಿದು ಕೂತೆ, ಮುಂಬ್ರಾ ದಾಟುವವರೆಗೆ.
ಆಮೇಲೆ ಅದರ ಕೆಳಗೆ:
ಫಾಲ್ ಐದು ಬಾಕಿ. ಹಸಿರು ನೂಲು ಮುಗಿದಿದೆ.